ಲಾರಿಯ ಒಡೆತನವೂ ವ್ಯವಹಾರದ ಸ್ವಾತಂತ್ರ್ಯವೂ: ಅಮೆರಿಕದ ಮಾಲೀಕ ಚಾಲಕರ ಒಂದು ಆರ್ಥಿಕ ಸಮಸ್ಯೆ

ಸಾಲ ಮಾಡಿ ಒಂದು ಲಾರಿಯನ್ನು ಕೊಂಡು, ತಾನೇ ಅದನ್ನು ನಡೆಸಿ, ಬಂದ ಬಾಡಿಗೆಯಿಂದ ಸಂಸಾರ ಸಾಗಿಸುವವನು ನಮ್ಮ ದೇಶಕ್ಕೆ ಹೊಸಬನೇನೂ ಅಲ್ಲ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿಯೂ ಇಂತಹವರು ಬಹುಸಂಖ್ಯೆಯಲ್ಲಿದ್ದಾರೆ. ಅವರನ್ನು ಈ ಲೇಖನದಲ್ಲಿ ‘ಮಾಲೀಕ ಚಾಲಕ’ರೆಂದು ಕರೆಯೋಣ. ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಪರರ ಸರಕನ್ನು ಬಾಡಿಗೆಗೆ ಸಾಗಿಸಬಯಸುವ ಅಲ್ಲಿಯ ಮಾಲೀಕ ಚಾಲಕನ ಮುಂದೆ ಎರಡು ಮಾರ್ಗಗಳಿವೆ. ಕೇಂದ್ರ ಸರ್ಕಾರದಿಂದ ತನ್ನ ಹೆಸರಿನಲ್ಲಿಯೇ ಪರವಾನೆಯನ್ನು ಪಡೆದು ಸರಕನ್ನು ತಾನೇ ಹುಡುಕಿಕೊಳ್ಳುವುದು ಮೊದಲನೆಯದು. ಪರವಾನೆಯುಳ್ಳ ದೊಡ್ಡ ಸಾಗಣೆ ಕಂಪನಿಗೆ ಲಾರಿಯನ್ನು ಕರಾರಿನ ಮೂಲಕ ಗುತ್ತಿಗೆಗೆ ಕೊಟ್ಟು, ಆ ಕಂಪನಿಯ ಪರವಾನೆಯ ಮೇಲೆ ತಾನೇ ಅದನ್ನು ಓಡಿಸುವುದು ಎರಡನೆಯದು. ಎರಡನೆಯ ಮಾರ್ಗದಲ್ಲಿ ಲಾರಿಯೂ ಅದರ ಸಾಲವೂ ಅವನವೇ. ಡೀಸೆಲ್ಲು, ಟೈರು, ದುರಸ್ತಿಗಳ ವೆಚ್ಚವನ್ನೂ ಸಾಮಾನ್ಯವಾಗಿ ಅವನೇ ಹೊರುತ್ತಾನೆ. ಆದರೆ ಬಾಗಿಲಿನ ಮೇಲಿನ ಹೆಸರು ಕಂಪನಿಯದು. ಕರಾರಿನ ಅವಧಿಯಲ್ಲಿ ಆ ಲಾರಿಯ ಸ್ವಾಧೀನ, ನಿಯಂತ್ರಣ ಮತ್ತು ಬಳಕೆಯ ಹಕ್ಕು ಕಂಪನಿಗೇ ಸೇರಿರಬೇಕೆಂದು ನಿಯಮವಿದೆ. ಈ ಎರಡು ಮಾರ್ಗಗಳಲ್ಲಿ ಒಂದನ್ನು ಆರಿಸಿಕೊಳ್ಳುವಾಗ ಅವನು ನಿಜವಾಗಿ ಯಾವುದನ್ನು ಕೊಟ್ಟು ಯಾವುದನ್ನು ಪಡೆಯುತ್ತಾನೆ ಎಂಬುದನ್ನು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಈ ಪದ್ಧತಿಯ ಹಿನ್ನೆಲೆಯನ್ನು ತಿಳಿಯುವುದು ಅವಶ್ಯಕ. 1935ನೆಯ ಇಸವಿಯ ಮೋಟಾರು ಸಾಗಣೆ ಶಾಸನವು ಅಂತರರಾಜ್ಯ ಲಾರಿ ವ್ಯವಹಾರವನ್ನು ಅಂತರರಾಜ್ಯ ವಾಣಿಜ್ಯ ಆಯೋಗದ ಅಧೀನಕ್ಕೆ ತಂದಿತು. ಸಾರ್ವಜನಿಕರಿಗೆ ಆ ಸೇವೆ ಅಗತ್ಯವೆಂದು ತೋರಿಸಿಕೊಟ್ಟವರಿಗೆ ಮಾತ್ರ ಪರವಾನೆ ದೊರೆಯುತ್ತಿದ್ದಿತು. ಆಗಲೇ ವ್ಯವಹಾರದಲ್ಲಿದ್ದವರಿಗೆ ಅದು ಸುಲಭ, ಹೊಸಬರಿಗೆ ದುರ್ಲಭ. ಸಂಸ್ಕರಿಸದ ವ್ಯವಸಾಯೋತ್ಪನ್ನಗಳ ಸಾಗಣೆಗೆ ಮಾತ್ರ ಈ ನಿರ್ಬಂಧದಿಂದ ವಿನಾಯಿತಿಯಿತ್ತು. ಆದುದರಿಂದ ಪರವಾನೆಯಿಲ್ಲದ ಲಾರಿಯವನು ಕಾಳು, ಹಣ್ಣು, ತರಕಾರಿಗಳನ್ನು ಸಾಗಿಸಬೇಕಾಗಿತ್ತು, ಇಲ್ಲವೆ ಪರವಾನೆಯುಳ್ಳವರಿಗೆ ಲಾರಿಯನ್ನು ಗುತ್ತಿಗೆಗೆ ಕೊಡಬೇಕಾಗಿತ್ತು. ಅಂದಿನ ಗುತ್ತಿಗೆ ಆಯ್ಕೆಗಿಂತ ಹೆಚ್ಚಾಗಿ ನಿರ್ಬಂಧದ ಫಲವಾಗಿದ್ದಿತು. ಇಂತಹ ಗುತ್ತಿಗೆಗಳ ಮೇಲೆ ನಿಯಮಗಳನ್ನು ವಿಧಿಸುವ ಆಯೋಗದ ಅಧಿಕಾರವನ್ನು ಸುಪ್ರೀಂ ಕೋರ್ಟು 1953ರಲ್ಲಿ ಎತ್ತಿಹಿಡಿಯಿತು. 1973ರ ತೈಲ ಬಿಕ್ಕಟ್ಟಿನಲ್ಲಿ ಡೀಸೆಲ್ಲಿನ ಬೆಲೆ ಏರಿದಾಗ ಆ ಏರಿಕೆಯ ಭಾರ ಮಾಲೀಕ ಚಾಲಕರ ಮೇಲೆ ಬಿದ್ದಿತು. ಆ ವರ್ಷದ ಡಿಸೆಂಬರಿನಲ್ಲಿ ಅವರು ಹೆದ್ದಾರಿಗಳನ್ನೇ ತಡೆದು ಪ್ರತಿಭಟಿಸಿದರು. 1980ರ ಶಾಸನವು ಪರವಾನೆಯ ಬಾಗಿಲನ್ನು ಬಹುಮಟ್ಟಿಗೆ ತೆರೆಯಿತು. ಹಳೆಯ ಆಯೋಗವು 1995ರ ಕೊನೆಗೆ ರದ್ದಾಯಿತು. 2000ದಿಂದ ಪರವಾನೆ ಕೊಡುವ ಕೆಲಸ ಕೇಂದ್ರದ ಮೋಟಾರು ಸಾಗಣೆ ಸುರಕ್ಷತಾ ಆಡಳಿತದ ಕೈಯಲ್ಲಿದೆ. ಈಗ ಅರ್ಜಿಯ ಶುಲ್ಕ ಕೇವಲ 300 ಡಾಲರು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. 300 ಡಾಲರಿಗೆ ಸ್ವಂತ ಪರವಾನೆಗೆ ಅರ್ಜಿ ಹಾಕಬಹುದಾದರೆ, ಬಾಡಿಗೆಯ ಒಂದು ದೊಡ್ಡ ಭಾಗವನ್ನು ಕಂಪನಿಗೆ ಬಿಟ್ಟುಕೊಟ್ಟು ಅನೇಕರು ಇನ್ನೂ ಗುತ್ತಿಗೆಯಲ್ಲಿರುವುದೇಕೆ? ಅರ್ಥಶಾಸ್ತ್ರಜ್ಞ ರೊನಾಲ್ಡ್ ಕೋಸ್ 1937ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧದಲ್ಲಿ ಇದಕ್ಕೆ ಉತ್ತರದ ಬೀಜವಿದೆ. ಪೇಟೆಯನ್ನು ಬಳಸುವುದಕ್ಕೂ ವೆಚ್ಚವುಂಟು. ಬೆಲೆಯನ್ನು ಅರಿಯುವುದು, ಗಿರಾಕಿಯನ್ನು ಹುಡುಕುವುದು, ಪ್ರತಿಯೊಂದು ಕರಾರನ್ನೂ ಕುದುರಿಸುವುದು, ಇವೆಲ್ಲ ಪುಕ್ಕಟೆಯಾಗಿ ಆಗುವುವಲ್ಲ. ಆ ವೆಚ್ಚವನ್ನು ತಗ್ಗಿಸಬಲ್ಲುದಾದುದರಿಂದಲೇ ಸಂಸ್ಥೆ ಎಂಬುದು ಹುಟ್ಟುತ್ತದೆ ಎಂಬುದು ಅವನ ವಾದ. ಲಾರಿಯವನ ವಿಷಯದಲ್ಲಿ ಈ ವೆಚ್ಚಗಳನ್ನು ಹೆಸರಿಟ್ಟು ಹೇಳಬಹುದು. ಮೊದಲನೆಯದು ವಿಮೆ. ಅಪಾಯಕಾರಿಯಲ್ಲದ ಸಾಮಾನ್ಯ ಸರಕಿಗೂ 7,50,000 ಡಾಲರುಗಳ ಹೊಣೆಗಾರಿಕೆಯ ವಿಮೆ ಕಡ್ಡಾಯ; ದಲ್ಲಾಳಿಗಳು ಸಾಮಾನ್ಯವಾಗಿ ಹತ್ತು ಲಕ್ಷದ ವಿಮೆಯನ್ನು ಕೇಳುತ್ತಾರೆ. ಅನುಭವದ ದಾಖಲೆಯಿಲ್ಲದ ಹೊಸಬನಿಗೆ ಇದರ ಕಂತು ಬಹಳ ದುಬಾರಿ. ಎರಡನೆಯದು ಸರಕು, ದೊಡ್ಡ ಗಿರಾಕಿಗಳು ಒಂಟಿ ಲಾರಿಯವನೊಡನೆ ನೇರವಾಗಿ ವ್ಯವಹರಿಸುವುದು ವಿರಳವಾದುದರಿಂದ ಅವನು ದಲ್ಲಾಳಿಯನ್ನು ಅವಲಂಬಿಸಬೇಕಾಗುತ್ತದೆ. ಮೂರನೆಯದು ಕಾಲ, ಡೀಸೆಲ್ಲಿಗೆ ಇಂದೇ ಹಣ ಬೇಕು, ಬಾಡಿಗೆ ಬರುವುದು ವಾರಗಳ ಅನಂತರ. ಆದುದರಿಂದ ಬಾಕಿ ಬಿಲ್ಲುಗಳನ್ನು ಕೊಂಚ ಕಡಮೆ ಮೊಬಲಗಿಗೆ ಮಾರಿ ನಗದು ಪಡೆಯುವುದು ವಾಡಿಕೆಯಾಗಿದೆ. ನಾಲ್ಕನೆಯದು ಸರಕು ತುಂಬುವ ಟ್ರೈಲರು. ಐದನೆಯದು ರಾಜ್ಯವಾರು ಇಂಧನ ತೆರಿಗೆಯ ತ್ರೈಮಾಸಿಕ ಲೆಕ್ಕ, ನೋಂದಣಿ, ಸುರಕ್ಷತಾ ತಪಾಸಣೆ ಮುಂತಾದ ಕಾಗದಪತ್ರಗಳ ಕೆಲಸ. ಕಂಪನಿಯು ಈ ಭಾರಗಳ ಬಹುಭಾಗವನ್ನು ವಹಿಸಿಕೊಂಡು ತನ್ನ ಪಾಲನ್ನು ಹಿಡಿದುಕೊಳ್ಳುತ್ತದೆ.

ವಿಷಯವನ್ನು ಸ್ಪಷ್ಟಪಡಿಸಲು ಒಂದು ಕಲ್ಪಿತ ಲೆಕ್ಕವನ್ನು ತೆಗೆದುಕೊಳ್ಳೋಣ. ಸರಕಿನವನು ಒಂದು ಸಾಗಣೆಗೆ 2,000 ಡಾಲರು ಕೊಡುತ್ತಾನೆನ್ನಿ. ಗುತ್ತಿಗೆಯಲ್ಲಿ ಮಾಲೀಕ ಚಾಲಕನಿಗೆ ಶೇಕಡ 72ರಂತೆ 1,440 ಡಾಲರು ಬರುತ್ತದೆ. ಸ್ವಂತ ಪರವಾನೆಯಲ್ಲಿ ದಲ್ಲಾಳಿಯ ಶೇಕಡ 15 ಹೋಗಿ 1,700 ಡಾಲರು ಉಳಿಯುತ್ತದೆ. ವ್ಯತ್ಯಾಸ ಸಾಗಣೆಯೊಂದಕ್ಕೆ 260. ವರ್ಷಕ್ಕೆ ನೂರು ಸಾಗಣೆಗಳಾದರೆ 26,000. ನೋಡುವುದಕ್ಕೆ ಇದು ದೊಡ್ಡ ಲಾಭ. ಆದರೆ ವಿಮೆ, ಟ್ರೈಲರು, ಕಾಗದಪತ್ರಗಳಿಗೆ ವರ್ಷಕ್ಕೆ 22,000 ಡಾಲರಿನ ಸ್ಥಿರ ವೆಚ್ಚವನ್ನೂ, ಬಿಲ್ಲು ಮಾರುವುದಕ್ಕೆ ಶೇಕಡ 3ರಂತೆ 5,100 ಡಾಲರನ್ನೂ ಕಳೆದರೆ 1,100 ಡಾಲರಿನ ನಷ್ಟವೇ ಉಳಿಯುತ್ತದೆ. ಸಾಗಣೆಗಳು 120ಕ್ಕೆ ಏರಿದರೆ ಗುತ್ತಿಗೆಗಿಂತ 3,080 ಡಾಲರು ಹೆಚ್ಚು ದೊರೆಯುತ್ತದೆ. 80ಕ್ಕೆ ಇಳಿದರೆ 5,280 ಡಾಲರು ಕಡಮೆಯಾಗುತ್ತದೆ. ಇಲ್ಲಿ ಅಂಕಿಗಳಿಗಿಂತ ಅವುಗಳ ಚಲನೆಯ ರೀತಿ ಮುಖ್ಯ. ಸ್ವಂತ ಪರವಾನೆಯವನು ಸ್ಥಿರ ವೆಚ್ಚವನ್ನು ತಲೆಯ ಮೇಲೆ ಹೊತ್ತಿರುವುದರಿಂದ ಸುಭಿಕ್ಷಕಾಲದ ಲಾಭವೂ ದುರ್ಭಿಕ್ಷಕಾಲದ ನಷ್ಟವೂ ಅವನಿಗೆ ಹೆಚ್ಚಾಗಿ ತಟ್ಟುತ್ತವೆ. 2021ರಲ್ಲಿ ಬಾಡಿಗೆಯ ದರಗಳು ಏರಿದಾಗ ಬಹುಮಂದಿ ಹೊಸ ಪರವಾನೆ ಪಡೆದುದೂ, 2022ರಿಂದ ದರಗಳು ಕುಸಿದಾಗ ಅವರಲ್ಲಿ ಅನೇಕರು ಹಿಂಜರಿದುದೂ ಇದಕ್ಕೆ ನಿದರ್ಶನ. ಗುತ್ತಿಗೆಯೆಂಬುದು ಒಂದು ಅರ್ಥದಲ್ಲಿ ಅಪಾಯದ ಒಂದು ಭಾಗವನ್ನು ಕಂಪನಿಗೆ ಮಾರುವ ವ್ಯಾಪಾರ.

ಆದರೆ ಅಪಾಯದೊಡನೆ ನಿಯಂತ್ರಣವೂ ಮಾರಾಟವಾಗುತ್ತದೆ. ಯಾವ ಸರಕು, ಯಾವ ಊರು, ಯಾವ ದಿನ ಎಂಬುದನ್ನು ಯಾರು ನಿರ್ಧರಿಸುತ್ತಾರೆ? ಒಪ್ಪದ ಸರಕನ್ನು ನಿರಾಕರಿಸಿದರೆ ಮುಂದಿನ ಸರಕು ಸಿಕ್ಕೀತೆ? ಇವು ಕರಾರಿನಿಂದ ಕರಾರಿಗೆ ಭಿನ್ನವಾಗುವ ವಿಷಯಗಳು. ಕಾನೂನಿನ ದೃಷ್ಟಿಯಲ್ಲಿ ಅವನು ಸಾಮಾನ್ಯವಾಗಿ ನೌಕರನಲ್ಲ, ಸ್ವತಂತ್ರ ಗುತ್ತಿಗೆದಾರ. ಆದುದರಿಂದ ನೌಕರನಾಗಿದ್ದರೆ ಮಾಲೀಕನು ಕೊಡಬೇಕಾಗಿದ್ದ ಸಾಮಾಜಿಕ ಭದ್ರತೆಯ ತೆರಿಗೆಯ ಪಾಲನ್ನೂ ಅವನೇ ಕಟ್ಟಬೇಕು. ಒಟ್ಟು ದರ ಸ್ಥೂಲವಾಗಿ ಶೇಕಡ 15.3. ಕೆಲಸದಲ್ಲಿ ಅಧೀನ, ತೆರಿಗೆಯಲ್ಲಿ ಸ್ವತಂತ್ರ! ಈ ವಿರೋಧಾಭಾಸವನ್ನು ಎದುರಿಸಲು ಕ್ಯಾಲಿಫೋರ್ನಿಯಾ ರಾಜ್ಯವು 2019ರಲ್ಲಿ ಶಾಸನ ಮಾಡಿ, ಸಂಸ್ಥೆಯ ಮುಖ್ಯ ವ್ಯವಹಾರವನ್ನೇ ಮಾಡುವವನನ್ನು ಸ್ವತಂತ್ರನೆಂದು ಪರಿಗಣಿಸುವುದನ್ನು ಕಠಿಣಗೊಳಿಸಿತು. ಅದರ ವಿರುದ್ಧ ಲಾರಿ ವ್ಯವಹಾರದವರು ಸಲ್ಲಿಸಿದ ಅರ್ಜಿಯನ್ನು ವಿಚಾರಣೆಗೆ ಎತ್ತಿಕೊಳ್ಳಲು ಸುಪ್ರೀಂ ಕೋರ್ಟು 2022ರಲ್ಲಿ ನಿರಾಕರಿಸಿತು.

ಮಾಲೀಕ ಚಾಲಕನ ರಕ್ಷಣೆಗಾಗಿ 1979ರಲ್ಲಿ ರಚಿತವಾದ ಕೇಂದ್ರದ ಗುತ್ತಿಗೆ ನಿಯಮಗಳು ಇಂದಿಗೂ ಮುಂದುವರಿದಿವೆ. ಕರಾರು ಲಿಖಿತವಾಗಿರಬೇಕು. ಅಗತ್ಯವಾದ ಕಾಗದಗಳನ್ನು ಒಪ್ಪಿಸಿದ 15 ದಿನಗಳೊಳಗೆ ಹಣ ಸಲ್ಲಬೇಕು. ಬಾಡಿಗೆಯ ಶೇಕಡ ಪಾಲಿನ ಮೇಲೆ ಸಂಭಾವನೆಯಿದ್ದರೆ ಬಾಡಿಗೆ ಬಿಲ್ಲಿನ ಪ್ರತಿಯನ್ನು ತೋರಿಸಬೇಕು. ಯಾವ ಯಾವ ಬಾಬುಗಳಿಗೆ ಹಣ ಮುರಿದುಕೊಳ್ಳಲಾಗುವುದೆಂಬುದನ್ನು ಮೊದಲೇ ಹೇಳಿರಬೇಕು. ಕಂಪನಿಯಿಂದಲೇ ಸಾಮಾನು ಕೊಳ್ಳಬೇಕೆಂದು ಬಲವಂತಪಡಿಸಕೂಡದು. ಠೇವಣಿಯ ಹಣಕ್ಕೆ ಬಡ್ಡಿ ಸಲ್ಲಬೇಕು. ಕರಾರು ಮುಗಿದ 45 ದಿನಗಳೊಳಗೆ ನ್ಯಾಯವಾದ ಬಾಕಿಗಳನ್ನು ಮುರಿದುಕೊಂಡು ಉಳಿದುದನ್ನು ಹಿಂದಿರುಗಿಸಬೇಕು. ಇವನ್ನು ಓದಿದರೆ, ನಿಯಮಕಾರರು ದರಕ್ಕಿಂತ ಹೆಚ್ಚಾಗಿ ಮಾಹಿತಿಗೂ ಹೊರಬರುವ ದಾರಿಗೂ ಗಮನ ಕೊಟ್ಟಿರುವುದು ತಿಳಿಯುತ್ತದೆ.

ಹೊರಬರುವ ದಾರಿಯ ಮಹತ್ವವು ಇನ್ನೊಂದು ಬಗೆಯ ಕರಾರಿನಲ್ಲಿ ತೀವ್ರವಾಗಿ ಕಾಣುತ್ತದೆ. ಕೈಯಲ್ಲಿ ಹಣವಿಲ್ಲದ ಚಾಲಕನಿಗೆ ಕಂಪನಿಯೇ ಲಾರಿಯನ್ನು ಕಂತಿನ ಮೇಲೆ ಕೊಟ್ಟು, ಆ ಲಾರಿಯನ್ನು ತನ್ನಲ್ಲಿಯೇ ದುಡಿಸಿಕೊಳ್ಳುವುದುಂಟು. ಆಗ ಸಾಲ ಕೊಟ್ಟವನೂ ಸರಕು ಕೊಡುವವನೂ ಒಬ್ಬನೇ. ಸರಕು ಕಡಮೆಯಾದರೂ ಕಂತು ಕಡಮೆಯಾಗದು. ನಡುವೆ ಬಿಟ್ಟುಹೋದರೆ ಕಟ್ಟಿದ ಕಂತುಗಳೆಲ್ಲ ವ್ಯರ್ಥವಾಗುವ ಸಂಭವವೇ ಹೆಚ್ಚು. 2021ರ ಕೇಂದ್ರ ಶಾಸನದಂತೆ ನೇಮಕವಾದ ಕಾರ್ಯಪಡೆಯೊಂದು ಈ ಪದ್ಧತಿಯನ್ನು ಪರಿಶೀಲಿಸಿ, ಇದನ್ನು ನಿಷೇಧಿಸಬೇಕೆಂದು 2025ರ ವರದಿಯಲ್ಲಿ ಶಿಫಾರಸು ಮಾಡಿತು.

ಮೇಲಿನ ವಿವೇಚನೆಯಿಂದ ಒಂದು ನಿರ್ಣಯಕ್ಕೆ ಬರಬಹುದು. ಗುತ್ತಿಗೆ ಲೇಸೋ ಸ್ವಂತ ಪರವಾನೆ ಲೇಸೋ ಎಂಬ ಪ್ರಶ್ನೆಗೆ ಎಲ್ಲರಿಗೂ ಸಲ್ಲುವ ಒಂದೇ ಉತ್ತರವಿಲ್ಲ. ಕೂಡಿಟ್ಟ ಹಣವಿಲ್ಲದ, ಅನುಭವ ಸಾಲದ ಚಾಲಕನಿಗೆ ಕೆಲವು ಕಾಲ ಗುತ್ತಿಗೆಯ ನೆರಳು ವಿವೇಕದ ಮಾರ್ಗವೇ ಆಗಬಹುದು. ಆದರೆ ಮೈಲಿಗೆ ಎಷ್ಟು, ಶೇಕಡ ಎಷ್ಟು ಎಂದು ಕೇಳುವುದಕ್ಕೆ ಮುಂಚೆ, ಈ ಕಂಪನಿಯನ್ನು ನಾಳೆ ಬಿಡಬೇಕೆಂದರೆ ನನಗೆ ತಗಲುವ ನಷ್ಟವೆಷ್ಟು ಎಂದು ಅವನು ಕೇಳಬೇಕು. ಆ ನಷ್ಟ ಸ್ವಲ್ಪವಾಗಿದ್ದರೆ ಕಂಪನಿಯು ಅವನನ್ನು ಉಳಿಸಿಕೊಳ್ಳಲು ನ್ಯಾಯವಾಗಿ ನಡೆಯಬೇಕಾಗುತ್ತದೆ. ಅದು ಭಾರಿಯಾಗಿದ್ದರೆ ಎಷ್ಟು ಒಳ್ಳೆಯ ದರವೂ ಕ್ರಮೇಣ ಕರಗಬಲ್ಲುದು. ಲಾರಿಯ ದಾಖಲೆಯಲ್ಲಿ ಹೆಸರಿರುವುದು ಒಡೆತನ; ಆ ಲಾರಿಯನ್ನು ಹೊರಡಿಸಿಕೊಂಡು ಬೇರೆಡೆಗೆ ಹೋಗಬಲ್ಲ ಶಕ್ತಿಯಿರುವುದು ಸ್ವಾತಂತ್ರ್ಯ. ಮೊದಲನೆಯದು ಇದ್ದ ಮಾತ್ರಕ್ಕೆ ಎರಡನೆಯದು ಇರುವುದೆಂದು ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಭಾವಿಸಬಾರದು.