ಕಾವಲಿನಲ್ಲಿ ಕಲಿತ ನಡಿಗೆ

ಎತ್ತಿನ ವ್ಯಾಪಾರ ಬಲ್ಲವರು ಕೊಂಬಿಗೂ ಬಣ್ಣಕ್ಕೂ ಬೇಗ ಮರುಳಾಗುವುದಿಲ್ಲ. ಹಗ್ಗ ಹಿಡಿದು ಹತ್ತು ಮಾರು ನಡೆಸಿ ನೋಡುತ್ತಾರೆ. ಮುಂಗಾಲು ಎತ್ತಿದ ಜಾಗದ ಮೇಲೆಯೇ, ಇಲ್ಲವೇ ಅದಕ್ಕೂ ತುಸು ಮುಂದೆ, ಹಿಂಗಾಲು ಬೀಳಬೇಕು. ಹಿಂದೆಯೇ ಉಳಿದರೆ ಅದು ಗಿಡ್ಡ ಹೆಜ್ಜೆಯ ಎತ್ತು, ದೂರದ ದಾರಿಗೆ ಒಗ್ಗುವುದಿಲ್ಲ. ಹಿಂಗಾಲುಗಳು ಒಂದಕ್ಕೊಂದು ಉಜ್ಜಬಾರದು, ಗೊರಸು ನೆಲ ಕೆರೆಯಬಾರದು, ನಡೆಯುವಾಗ ಬೆನ್ನು ತೂಗಾಡಬಾರದು. ಈ ಪರೀಕ್ಷೆಯನ್ನು ಸಲೀಸಾಗಿ ಗೆಲ್ಲುವ ತಳಿ ನಮ್ಮಿಂದ ಬಹು ದೂರವೇನೂ ಇಲ್ಲ. ಅಜ್ಜಂಪುರದ ಸರ್ಕಾರಿ ತಳಿ ಸಂವರ್ಧನಾ ಕೇಂದ್ರದಲ್ಲಿ ಬೆಳೆಯುತ್ತಿರುವ ಅಮೃತಮಹಲ್ ಅದು.

ಕುದುರೆ ಬಲ್ಲವರು ಮಾರವಾಡಿ, ಕಾಠಿಯಾವಾಡಿ ಕುದುರೆಗಳ ರವಾಲ್ ನಡೆಯನ್ನು ಹೊಗಳುತ್ತಾರೆ. ವೇಗ ಎಷ್ಟಿದ್ದರೂ ಸವಾರನ ಸೊಂಟಕ್ಕೆ ಕುಲುಕಾಟವಿಲ್ಲ. ನಮ್ಮ ಬಯಲುಸೀಮೆಯಲ್ಲಿ ಅಂಥ ಮೆಚ್ಚುಗೆ ಸಂದಿರುವುದು ಎತ್ತಿಗೆ. ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ಸೇನಾಧಿಕಾರಿಗಳು ಕೂಡ ಅಮೃತಮಹಲನ್ನು ಎತ್ತುಗಳ ನಡುವಿನ ಅರಬ್ಬಿ ಕುದುರೆ ಎಂದೇ ಎಣಿಸಿದರು. ದಂಡಿನ ಸಿಪಾಯಿಗಳಿಗಿಂತ ಚುರುಕಾಗಿ ನಡೆಯುವ ಎತ್ತು ಅವರಿಗೆ ಸೋಜಿಗವೇ ಆಗಿತ್ತು.

ಮೈಕಟ್ಟು ನೋಡಿದರೆ ಸೋಜಿಗದ ಅರ್ಧ ಕಾರಣ ತಿಳಿಯುತ್ತದೆ. ಉದ್ದ ಕಾಲು, ಅಡಕವಾದ ಒಡಲು, ಮೈಗೆ ಅಂಟಿದ ತೆಳು ಚರ್ಮ. ಗಂಗೆದೊಗಲು ಜೋತುಬೀಳುವುದಿಲ್ಲ, ಹೊಟ್ಟೆ ಇಳಿಬೀಳುವುದಿಲ್ಲ. ನಡೆಯುವಾಗ ಅಲುಗಾಡುವ ಮಾಂಸವೇ ಇಲ್ಲವೆನ್ನಬಹುದು. ಗೊರಸು ಚಿಕ್ಕದು, ಗಟ್ಟಿ, ಎರಡು ಸೀಳಿನ ನಡುವೆ ಸಂದು ಕಡಿಮೆ, ಆದ್ದರಿಂದ ಕಲ್ಲುನೆಲದಲ್ಲೂ ಬೇಗ ಸವೆಯುವುದಿಲ್ಲ. ಉದ್ದ ಕಿರಿದಾದ ಮುಖದ ನೆತ್ತಿಯಲ್ಲಿ ಒತ್ತೊತ್ತಾಗಿ ಹುಟ್ಟುವ ಕೊಂಬುಗಳು ಹಿಂದಕ್ಕೆ ಬಾಗಿ, ಮೇಲೇರಿ, ಕಪ್ಪು ಮೊನೆಯಲ್ಲಿ ಮುಗಿಯುತ್ತವೆ. ಚೆಂದವೇನೋ ಹೌದು, ಅಪರಿಚಿತರ ಪಾಲಿಗೆ ಅಪಾಯವೂ ಹೌದು.

ಉಳಿದರ್ಧ ಕಾರಣ ಹುಲ್ಲುಗಾವಲಿನಲ್ಲಿದೆ. ಮೈಸೂರಿನ ಚಿಕ್ಕದೇವರಾಜ ಒಡೆಯರು 'ಬೆಣ್ಣೆ ಚಾವಡಿ' ಎಂಬ ಹೆಸರಿನಲ್ಲಿ ಅರಮನೆಯ ದನಗಳಿಗೆ ಒಂದು ಇಲಾಖೆಯನ್ನೇ ಕಟ್ಟಿದರು. ಹೈದರಾಲಿ ಅದನ್ನು ದಂಡಿನ ಕೆಲಸಕ್ಕೆ ಬೆಳೆಸಿದ. ಟಿಪ್ಪು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟು, ಮೇವು, ಸಾಕಣೆ, ಲೆಕ್ಕಪತ್ರಕ್ಕೆ ಕಟ್ಟಳೆ ಮಾಡಿದ. ಒಂದು ಕಾಲಕ್ಕೆ 4 ಲಕ್ಷ ಎಕರೆಗೂ ಮೀರಿದ್ದ ಕಾವಲುಗಳನ್ನು ಮಳೆಗಾಲದ್ದು, ಚಳಿಗಾಲದ್ದು, ಬೇಸಿಗೆಯದು ಎಂದು ವಿಂಗಡಿಸಿದ್ದರು. ಕೆರೆಯಂಗಳದ ಹುಲ್ಲೂ ಮರದ ನೆರಳೂ ಇರುವ ಕಾವಲು ಬೇಸಿಗೆಗೆ ಮೀಸಲು. ಋತು ತಿರುಗಿದಂತೆ ಮಂದೆ ಒಂದು ಕಾವಲಿನಿಂದ ಇನ್ನೊಂದಕ್ಕೆ ನಡೆಯಬೇಕು. ಕರು ತಾಯಿಯ ಹಿಂದೆ ನಡೆದೇ ಬೆಳೆಯಬೇಕು. ಹಾಲು ಕಡಿಮೆ, ಇದ್ದಷ್ಟೂ ಕರುವಿಗೇ. ನಡೆಯಲಾರದ್ದು ಮಂದೆಯಲ್ಲಿ ಉಳಿಯುವುದು ಕಷ್ಟವಾಗಿತ್ತು. ಇಷ್ಟು ಶತಮಾನ ಹೀಗೆ ನಡೆದರೆ ನಡಿಗೆ ರಕ್ತಕ್ಕೆ ಇಳಿಯದೆ ಇನ್ನೇನು?

ಯುದ್ಧದಲ್ಲಿ ಇದರ ಫಲ ಕಂಡಿತು. ಚಿದಂಬರದ ನೆರವಿಗೆ ಹೈದರ್ ಎರಡೂವರೆ ದಿನದಲ್ಲಿ 100 ಮೈಲಿ ಸಾಗಿದ್ದು, ಇಂಗ್ಲಿಷರ ಜನರಲ್ ಮೆಡೋಸ್‌ನ ಕಣ್ಣೆದುರೇ ಟಿಪ್ಪು ಎರಡು ದಿನದಲ್ಲಿ 63 ಮೈಲಿ ದಾಟಿದ್ದು ಈ ಎತ್ತುಗಳನ್ನು ನಂಬಿ. ಸೋತ ಕಡೆಯೂ ತೋಪುಗಳನ್ನು ಬಿಡದೆ ಎಳೆದು ತರುತ್ತಿದ್ದವಂತೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮಂದೆ ಇಂಗ್ಲಿಷರ ಕೈಸೇರಿತು. ಮುಂದೆ ಸ್ಪೇನ್‌ನಲ್ಲಿ ಕಾದಾಡುವಾಗ ಇಂಗ್ಲಿಷ್ ದಂಡನಾಯಕ ಆರ್ಥರ್ ವೆಲ್ಲೆಸ್ಲಿ ಮೈಸೂರಿನ ಎತ್ತುಗಳಿಲ್ಲವಲ್ಲ ಎಂದು ಹಂಬಲಿಸಿದ. 1860ರಲ್ಲಿ ಖರ್ಚು ಉಳಿಸುವ ನೆಪದಲ್ಲಿ ಮಂದೆಯನ್ನು ಮಾರಿ, 1866ರಲ್ಲಿ ಮತ್ತೆ ಕೂಡಿಸಲು ಹೊರಟರು. ಮೂರ್ಖತನಕ್ಕೆ ಆಗಲೂ ಬರವಿರಲಿಲ್ಲ.

ಇನ್ನು ಪಳಗಿಸುವ ವಿದ್ಯೆ. ಅಜ್ಜಂಪುರದ ಹರಾಜಿನಲ್ಲಿ ಲಕ್ಷಕ್ಕೂ ಮೀರಿ ಕೊಟ್ಟು ಜೋಡಿ ಹೋರಿಕರು ತಂದ ರೈತನ ಮುಂದೆ ನಿಲ್ಲುವುದು ಕಟ್ಟುಹಗ್ಗ ಕಾಣದ ಕಾಡುಪ್ರಾಣಿ. ಇದಕ್ಕೆ ಬಾರುಕೋಲು ತೋರಿಸಿದವನು ಕೆಟ್ಟ. ಹೊಡೆತ ತಿಂದ ಅಮೃತಮಹಲ್ ಹಟಕ್ಕೆ ಬಿದ್ದರೆ ಕೂತಲ್ಲಿಂದ ಏಳುವುದಿಲ್ಲ, ಎದ್ದರೆ ಹಾಯುತ್ತದೆ. ಮೊದಲು ಒಬ್ಬನೇ ಮನುಷ್ಯ, ಒಂದೇ ದನಿ, ಒಂದೇ ಕೈಯಿಂದ ಬೇಯಿಸಿದ ಹುರುಳಿ. ಮೈ ಉಜ್ಜಿಸಿಕೊಳ್ಳಲು ನಿಂತಿತೆಂದರೆ ಅರ್ಧ ಗೆದ್ದಂತೆ. ಮೂಗುದಾರ ಹಾಕಿಸಿದ ಗಾಯ ಪೂರ್ತಿ ಮಾಯುವ ತನಕ ಹಗ್ಗ ಜಗ್ಗಬಾರದು, ಆ ನೋವು ಎತ್ತಿಗೆ ಬದುಕಿಡೀ ನೆನಪಿರುತ್ತದೆ.

ಎರಡು ಹಲ್ಲು ಬಿದ್ದ ಮೇಲೆ ನೊಗದ ಪಾಠ. ಬಾಯಿಗೂಡಿದ ಹಳೆಯ ಎತ್ತಿನ ಜೊತೆ ಕಟ್ಟಿ, ಉತ್ತ ಹೊಲದಲ್ಲಿ ಕೊರಡು ಎಳೆಸುತ್ತಾರೆ. ಸಡಿಲ ಮಣ್ಣು ಓಡಲು ಬಿಡುವುದಿಲ್ಲ, ಬಿದ್ದರೂ ಪೆಟ್ಟಾಗುವುದಿಲ್ಲ. ಎಡಕ್ಕೆ ಕಟ್ಟಿದ್ದು ಎಡಕ್ಕೇ, ಬಲದ್ದು ಬಲಕ್ಕೇ. ಬದಲಿಸಿದರೆ ಹೆಜ್ಜೆ ತಪ್ಪುತ್ತದೆ. ಆಮೇಲೆ ಬರಿಗಾಡಿ, ಕೊನೆಗೆ ಹೊರೆ. ಆತುರಪಟ್ಟು ಮೊದಲ ವರ್ಷವೇ ಗೊಬ್ಬರದ ಗಾಡಿ ತುಂಬಿದರೆ ಹೆಗಲು ಬಾತು, ಎತ್ತು ನೊಗ ಕಂಡರೆ ಹಿಂಜರಿಯುತ್ತದೆ, ಹೆಜ್ಜೆ ಗಿಡ್ಡವಾಗುತ್ತದೆ. ಹಾಗೆ ಕೆಟ್ಟ ನಡಿಗೆಯನ್ನು ತಿದ್ದುವುದು ಹೊಸದಾಗಿ ಪಳಗಿಸುವುದಕ್ಕಿಂತ ಕಷ್ಟ. ಟಾರು ರಸ್ತೆ ಹಿಡಿಯುವ ಮುಂಚೆ ಲಾಳ ಕಟ್ಟಿಸಬೇಕು. ಸೀಳುಗೊರಸಿಗೆ ಒಂದೊಂದು ಕಾಲಿಗೂ ಎರಡೆರಡು ತುಂಡು.

ಜೋಡಿ ಕೂಡಿತೆಂದರೆ ನೋಡಬೇಕು! ನಾಲ್ಕು ಜೊತೆ ಕಾಲುಗಳೂ ಒಂದೇ ತಾಳಕ್ಕೆ ಬೀಳುತ್ತವೆ, ಮೂಕಿ ಮೇಲೆ ಕೆಳಗೆ ಕುಣಿಯುವುದಿಲ್ಲ, ಗಾಡಿಯಲ್ಲಿ ಕೂತ ಮುದುಕರೂ ತೂಕಡಿಸಬಹುದು.

ಟ್ರ್ಯಾಕ್ಟರು ಬಂದ ಮೇಲೆ ಗಾಡಿಯೂ ಉಳುಮೆಯೂ ಕಡಿಮೆಯಾದವು. ಹೀಗಿದ್ದೂ ತೆಂಗಿನ ಸಾಲುಗಳ ನಡುವೆ, ರಾಗಿ ಹೊಲದ ಕುಂಟೆಗೆ ಎತ್ತೇ ಚೆನ್ನ. ಜೋಡೆತ್ತಿನ ಗಾಡಿ ಓಟಕ್ಕೆ 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಒಪ್ಪಿಗೆಯೂ ಸಿಕ್ಕಿತು. ಆದರೆ ಓಟದ ವೇಗವೊಂದನ್ನೇ ನೋಡಿ ಈ ತಳಿಗೆ ಬೆಲೆ ಕಟ್ಟುವುದು ನನಗೆ ಅಷ್ಟು ರುಚಿಸುವುದಿಲ್ಲ. ಇದರ ಹೆಚ್ಚುಗಾರಿಕೆ ಇಡೀ ದಿನ ಒಂದೇ ಹದದಲ್ಲಿ ನಡೆಯುವುದರಲ್ಲಿದೆ.

ನಡಿಗೆ ಕಲಿಸಿದ ಕಾವಲುಗಳು ಒತ್ತುವರಿಗೆ, ಯೋಜನೆಗಳಿಗೆ ಕರಗುತ್ತ ಬಂದಿವೆ. ಕಡೂರು ತಾಲ್ಲೂಕಿನ ಬಾಸೂರು ಕಾವಲು 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವಾಗಿ ಅಷ್ಟರಮಟ್ಟಿಗೆ ಉಳಿದಿದೆ. ಕೃಷ್ಣಮೃಗಗಳೂ ಅಲ್ಲಿ ಮೇಯುತ್ತವೆ. ಕಾವಲಿಲ್ಲದ ಊರಿನಲ್ಲಿ ಹೋರಿಕರು ಕೊಂಡವರು ಅದನ್ನು ಗೂಟಕ್ಕೆ ಕಟ್ಟಿ ಕೊಬ್ಬಿಸುವ ಬದಲು, ದಿನವೂ ಕೆರೆಯ ತನಕ ನಡೆಸಿಕೊಂಡು ಹೋಗಿ ನೀರು ಕುಡಿಸಿ ತರಲಿ. ದಾರಿ ದೂರವಿದ್ದಷ್ಟೂ ಒಳ್ಳೆಯದು.