ಅಪ್ಪ ಅಮ್ಮ ಹತ್ತುವ ಹಡಗು

ಜನವರಿಯ ಒಂದು ಸಂಜೆ ತೀರ್ಥಹಳ್ಳಿಯಿಂದ ಅಪ್ಪನ ಫೋನು. ಮುಂಬೈಯ ಚಿಕ್ಕಪ್ಪನ ಮನೆಯವರು ಗೋವಾ, ಲಕ್ಷದ್ವೀಪ ಸುತ್ತಿ ಬರುವ ಪ್ರವಾಸಿ ಹಡಗು ಹತ್ತಲಿದ್ದಾರೆ, ನೀವೂ ಬನ್ನಿ ಎಂದು ಹಟ ಹಿಡಿದಿದ್ದಾರೆ, ಹೊರಡಲು ಇನ್ನು ಆರೇ ದಿನ. ಅಪ್ಪನಿಗೆ ಎಪ್ಪತ್ತಾರು, ಅಮ್ಮನಿಗೆ ಎಪ್ಪತ್ತೊಂದು. "ಹೋಗ್ಬೇಕು ಅಂತ ಆಸೆ ಇದೆ ಕಣೋ. ಆದ್ರೆ ಅಷ್ಟೆತ್ತರದ ಹಡಗು, ಗಾಳಿಗೆ ಮಗುಚಿಕೊಳ್ಳಲ್ವಾ?" ಎಂದರು ಅಪ್ಪ. ಹಿಂದಿನಿಂದ ಅಮ್ಮನ ದನಿ: "ಆಗುಂಬೆ ಘಾಟಿ ಇಳಿಯೋದ್ರೊಳಗೆ ಎರಡು ಸಲ ವಾಂತಿ ಮಾಡ್ಕೊಳ್ಳೋಳು ನಾನು. ಅಷ್ಟು ದಿನ ನೀರಿನ ಮೇಲೆ ಹೇಗೋ ಇರೋದು?"

ಟಿಕೆಟ್ ನೋಡುವುದಕ್ಕೆ ಮೊದಲು ಈ ಎರಡು ಪ್ರಶ್ನೆಗೆ ಉತ್ತರ ಹುಡುಕಿಕೊಂಡೆ. ಯಾವ ಕೋಣೆ ಹಿಡಿಯಬೇಕು ಎಂಬುದೂ ಆ ಉತ್ತರಗಳ ಒಳಗೇ ಇತ್ತು.

ಅಪ್ಪನ ಅನುಮಾನ ಸಹಜವೇ. 2024ರ ಜನವರಿಯಲ್ಲಿ ಸಂಚಾರ ಶುರುಮಾಡಿದ 'ಐಕಾನ್ ಆಫ್ ದಿ ಸೀಸ್' ಎಂಬ ಹಡಗಿಗೆ ಇಪ್ಪತ್ತು ಅಂತಸ್ತು, ಉದ್ದ ಸುಮಾರು 365 ಮೀಟರ್. ನೀರಿನೊಳಗೆ ಅದು ಮುಳುಗಿರುವುದು ಒಂಬತ್ತು ಮೀಟರಿನ ಆಸುಪಾಸು ಅಷ್ಟೇ. ಬೇರಿಲ್ಲದ ಮರದಂತೆ ಕಾಣುತ್ತದೆ. ತಳದಲ್ಲಿ ಭಾರ ತುಂಬಿದ ತಂಜಾವೂರು ಗೊಂಬೆಯ ಹಾಗೆ ಹಡಗೂ ಎದ್ದು ನಿಲ್ಲುತ್ತದೆ ಎಂದು ನಾವು ಅಂದುಕೊಳ್ಳುವುದುಂಟು. ಅದು ಅರ್ಧ ನಿಜ. ಎಂಜಿನ್, ಇಂಧನ, ನೀರಿನ ಟ್ಯಾಂಕುಗಳೆಲ್ಲ ತಳದಲ್ಲೇ ಇರುತ್ತವೆ. ಆದರೆ ಹಡಗನ್ನು ಮುಖ್ಯವಾಗಿ ಕಾಪಾಡುವುದು ಅದರ ಅಗಲ. ಹಡಗು ಬಲಕ್ಕೆ ವಾಲಿದಾಗ ಬಲಬದಿಯ ಒಡಲು ಹೆಚ್ಚು ಮುಳುಗುತ್ತದೆ, ಎಡಬದಿ ನೀರಿನಿಂದ ಮೇಲೇಳುತ್ತದೆ. ಹೆಚ್ಚು ಮುಳುಗಿದ ಕಡೆ ನೀರು ಹೆಚ್ಚು ಬಲದಿಂದ ಮೇಲಕ್ಕೆ ನೂಕುತ್ತದೆ. ಹಡಗಿನ ತೂಕ ನಡುವಿನಲ್ಲಿ ಕೆಳಕ್ಕೆ ಎಳೆಯುತ್ತಿದ್ದರೆ ನೀರಿನ ಒತ್ತು ವಾಲಿದ ಬದಿಯಿಂದ ಎತ್ತುತ್ತಿರುತ್ತದೆ. ಎರಡೂ ಸೇರಿ ಅದನ್ನು ನೆಟ್ಟಗಾಗಿಸುತ್ತವೆ. ಫ್ರಾನ್ಸಿನ ಪಿಯರ್ ಬೂಗೇ 1746ರಲ್ಲೇ ಈ ಲೆಕ್ಕವನ್ನು ಪುಸ್ತಕಕ್ಕೆ ಇಳಿಸಿದ. ಅವನು ಕೊಟ್ಟ 'ಮೆಟಾಸೆಂಟರ್' ಎಂಬ ಹೆಸರನ್ನು ಹಡಗು ಕಟ್ಟುವವರು ಇಂದಿಗೂ ಬಳಸುತ್ತಾರೆ.

ಹಾಗಾದರೆ ಹಡಗನ್ನು ಇನ್ನಷ್ಟು ಬಿಗಿಯಾಗಿ, ಅಲುಗದಂತೆ ಕಟ್ಟಬಾರದೇ? ಕಟ್ಟಬಹುದು, ಆದರೆ ಒಳಗಿದ್ದವರ ಗತಿ ಕಷ್ಟ. ತೀರಾ ಬಿಗಿಯಾದ ಹಡಗು ವಾಲಿದ ಕೂಡಲೇ ಜಗ್ಗಿ ಎದ್ದುಬಿಡುತ್ತದೆ, ಪಾತ್ರೆ ಪಗಡಿ ಉರುಳುತ್ತವೆ, ಜನ ಮುಗ್ಗರಿಸುತ್ತಾರೆ. ಅದಕ್ಕೇ ಪ್ರಯಾಣಿಕರ ಹಡಗನ್ನು ಬೇಕೆಂದೇ ನಿಧಾನವಾಗಿ ತೂಗುವಂತೆ ರೂಪಿಸುತ್ತಾರೆ. ದೊಡ್ಡ ಹಡಗು ಒಮ್ಮೆ ಅತ್ತಿಂದಿತ್ತ ಓಲಿ ಬರಲು ಹದಿನೈದು ಇಪ್ಪತ್ತು ಸೆಕೆಂಡು ಹಿಡಿಯುತ್ತದೆ. ಆ ಓಲಾಟ ಹಡಗಿನ ದೌರ್ಬಲ್ಯವಲ್ಲ ಎಂದು ಅಪ್ಪನಿಗೆ ಎರಡೆರಡು ಸಲ ಹೇಳಿದೆ.

ಆ ಓಲಾಟವನ್ನೂ ತಗ್ಗಿಸುವ ಯಂತ್ರವೊಂದಿದೆ. ಪ್ರಯಾಣಿಕರ ಕಣ್ಣಿಗೆ ಅದು ಬೀಳುವುದೇ ಇಲ್ಲ. ಹಡಗಿನ ಎರಡೂ ಪಕ್ಕೆಗಳಲ್ಲಿ, ನೀರಿನ ಮಟ್ಟಕ್ಕಿಂತ ಕೆಳಗೆ, ಉಕ್ಕಿನ ರೆಕ್ಕೆಗಳಿರುತ್ತವೆ. ಬಂದರಿನಲ್ಲಿ ಅವು ಒಡಲಿನ ಗೂಡಿನೊಳಗೆ ಮಡಚಿಕೊಂಡಿರುತ್ತವೆ, ಕಡಲಿಗೆ ಇಳಿದ ಮೇಲೆ ಹೊರಗೆ ಚಾಚಿಕೊಳ್ಳುತ್ತವೆ. ಚಿಕ್ಕಂದಿನಲ್ಲಿ ಓಡುವ ಬಸ್ಸಿನ ಕಿಟಕಿಯಿಂದ ಕೈ ಚಾಚಿ ಬೈಸಿಕೊಂಡ ನೆನಪಿದೆಯೇ? ಅಂಗೈಯ ಮುಂದಂಚನ್ನು ತುಸು ಮೇಲಕ್ಕೆ ತಿರುಗಿಸಿದರೆ ಗಾಳಿ ಕೈಯನ್ನು ಎತ್ತುತ್ತಿತ್ತು, ಕೆಳಕ್ಕೆ ತಿರುಗಿಸಿದರೆ ಅದುಮುತ್ತಿತ್ತು. ಇಲ್ಲಿ ಆಗುವುದೂ ಅದೇ. ಹಡಗು ಬಲಕ್ಕೆ ವಾಲತೊಡಗಿದ್ದನ್ನು ಸಂವೇದಕ ಗುರುತಿಸುತ್ತದೆ. ತಕ್ಷಣ ಬಲರೆಕ್ಕೆಯ ಮುಂದಂಚು ಮೇಲಕ್ಕೂ ಎಡರೆಕ್ಕೆಯದು ಕೆಳಕ್ಕೂ ತಿರುಗುತ್ತವೆ. ಒಂದು ಎತ್ತುತ್ತದೆ, ಇನ್ನೊಂದು ಅದುಮುತ್ತದೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ, ಆದ್ದರಿಂದ ಅಷ್ಟು ದೊಡ್ಡ ಹಡಗಿಗೆ ಅಷ್ಟು ಚಿಕ್ಕ ರೆಕ್ಕೆ ಸಾಕು.

ಈ ಉಪಾಯ ಕೈಗೂಡುವ ಮುನ್ನ ಬೇರೆ ಸಾಹಸಗಳೂ ನಡೆದಿದ್ದವು. 1932ರ 'ಕೊಂತೆ ದಿ ಸವೋಯಾ' ಎಂಬ ಇಟಲಿಯ ಹಡಗಿನ ಒಡಲಲ್ಲಿ ನೂರು ಟನ್ನಿಗೂ ಮಿಕ್ಕಿದ ಮೂರು ಬುಗುರಿಗಳನ್ನು ತಿರುಗಿಸಿ ಓಲಾಟ ತಡೆಯಲು ನೋಡಿದರು. ಅದಕ್ಕೂ ಮೊದಲೇ, 1923ರಲ್ಲಿ, ಜಪಾನಿನ ನೌಕಾ ಎಂಜಿನಿಯರ್ ಶಿಂಟಾರೊ ಮೊಟೊರಾ ರೆಕ್ಕೆಯ ವಿನ್ಯಾಸ ಮಾಡಿದ್ದರು. ಗೆದ್ದದ್ದು ಅವರ ರೆಕ್ಕೆಯೇ. 1936ರಲ್ಲಿ ಓಡಾಟ ಶುರುಮಾಡಿದ 'ಕ್ವೀನ್ ಮೇರಿ' ಓಲಾಟಕ್ಕೆ ಕುಖ್ಯಾತವಾಗಿತ್ತು. ಅದಕ್ಕೆ ರೆಕ್ಕೆ ಕೂಡಿಸಿದ್ದು 1958ರಲ್ಲಿ.

ಆದರೆ ರೆಕ್ಕೆಗೂ ಮಿತಿಯಿದೆ. ಅದು ಕೆಲಸ ಮಾಡುವುದು ಮುಖ್ಯವಾಗಿ ಹಡಗು ಓಡುತ್ತಿರುವಾಗ, ತಡೆಯುವುದು ಅಡ್ಡಡ್ಡ ಓಲಾಟವನ್ನು ಮಾತ್ರ. ಅಲೆ ಎದುರಿನಿಂದ ಬಂದು ಹಡಗಿನ ಮೂತಿ ಮೇಲೆದ್ದು ಕೆಳಗಿಳಿಯುವ ತೂಗಾಟಕ್ಕೆ ಅದರ ಬಳಿ ಮದ್ದಿಲ್ಲ. ಅಮ್ಮನ ಪ್ರಶ್ನೆ ಬರುವುದು ಇಲ್ಲಿಗೇ.

ನಮ್ಮ ಒಳಗಿವಿಯಲ್ಲಿ ದ್ರವ ತುಂಬಿದ ಮೂರು ಅರ್ಧವರ್ತುಲದ ನಾಳಗಳಿವೆ. ತಲೆ ತಿರುಗಿದ್ದನ್ನು ಅವು ತಿಳಿಸುತ್ತವೆ. ಪಕ್ಕದಲ್ಲೇ ಅಂಟಿನಂಥ ಪದರದ ಮೇಲೆ ಸುಣ್ಣದ ಪುಟ್ಟ ಹರಳುಗಳು ಕೂತಿವೆ. ನಾವು ಮೇಲೆದ್ದರೆ, ಕೆಳಗಿಳಿದರೆ, ಮುಂದಕ್ಕೆ ಜರುಗಿದರೆ ಆ ಹರಳುಗಳು ಸರಿದು ಸುದ್ದಿ ಕೊಡುತ್ತವೆ. ಕ್ಯಾಬಿನ್ನಿನೊಳಗೆ ಗೋಡೆ, ಮಂಚ, ಮೇಜು ಎಲ್ಲವೂ ನಮ್ಮ ಜೊತೆಗೇ ತೂಗುತ್ತವೆ. ಹಾಗಾಗಿ ಕಣ್ಣು "ಏನೂ ಅಲುಗಿಲ್ಲ" ಎನ್ನುತ್ತದೆ, ಕಿವಿ "ತೂಗುತ್ತಿದ್ದೇವೆ" ಎನ್ನುತ್ತದೆ. ಈ ತಕರಾರಿನಿಂದಲೇ ಹೊಟ್ಟೆ ತೊಳಸುತ್ತದೆ ಎಂಬುದು ಹೆಚ್ಚಿನ ವಿಜ್ಞಾನಿಗಳು ಒಪ್ಪಿರುವ ವಿವರಣೆ. 1950ರ ದಶಕದ ಕೊನೆಯಿಂದ ಅಮೆರಿಕದ ನೌಕಾಪಡೆ ಮತ್ತು ನಾಸಾ ಸೇರಿ ಒಳಗಿವಿಯ ಈ ಅಂಗ ಹಾಳಾಗಿದ್ದ ಹನ್ನೊಂದು ಮಂದಿ ಕಿವುಡರ ಮೇಲೆ ವರ್ಷಗಟ್ಟಲೆ ಪ್ರಯೋಗ ನಡೆಸಿದವು. ಕೆನಡಾದ ನೋವಾ ಸ್ಕೋಶಿಯಾ ತೀರದ ಒರಟು ಕಡಲಿನಲ್ಲಿ ಅವರು ಇಸ್ಪೀಟು ಆಡುತ್ತ ಹಾಯಾಗಿದ್ದರು. ಕಾಯಿಲೆ ಬಿದ್ದವರು ಪ್ರಯೋಗ ಮಾಡಲು ಬಂದ ಸಂಶೋಧಕರು.

ಘಾಟಿಯಲ್ಲಿ ಅಮ್ಮ ಹಿಂದಿನ ಸೀಟಿನಲ್ಲಿ ತಲೆ ತಗ್ಗಿಸಿ, ಮುಷ್ಟಿಯಲ್ಲಿ ನಿಂಬೆಹಣ್ಣು ಹಿಡಿದು ಮೂಸುತ್ತ ಕೂರುತ್ತಿದ್ದಳು. ಅದೇ ಬಸ್ಸಿನ ಡ್ರೈವರಿಗೆ ಏನೂ ಆಗುತ್ತಿರಲಿಲ್ಲ. ಬರುವ ತಿರುವು ಅವನ ಕಣ್ಣಿಗೆ ಮೊದಲೇ ಕಾಣುತ್ತದೆ, ಕಣ್ಣು ಕಿವಿಗಳ ನಡುವೆ ತಕರಾರಿರುವುದಿಲ್ಲ. ಹಡಗಿನಲ್ಲೂ ಹೊಟ್ಟೆ ತೊಳಸಿದರೆ ಕೋಣೆಯಲ್ಲಿ ಮಲಗಿ ಮೊಬೈಲ್ ನೋಡಬಾರದು. ಹೊರಗೆ ಬಂದು ಕಡಲು ಆಕಾಶ ಕೂಡುವ ಗೆರೆಯನ್ನು ದಿಟ್ಟಿಸಬೇಕು. ಅತಿ ಹೆಚ್ಚು ವಾಕರಿಕೆ ತರುವುದು ಐದು ಸೆಕೆಂಡಿಗೊಮ್ಮೆ ಆಗುವ ಏರಿಳಿತ ಎಂದು ಪ್ರಯೋಗಗಳು ತೋರಿಸಿವೆ. ಚಿಕ್ಕ ದೋಣಿಗಳು ಈ ಲಯಕ್ಕೆ ಸುಲಭವಾಗಿ ಸಿಕ್ಕಿಬೀಳುತ್ತವೆ, ದೊಡ್ಡ ಹಡಗುಗಳು ಅಷ್ಟಾಗಿ ಸಿಕ್ಕಿಬೀಳುವುದಿಲ್ಲ.

ಇನ್ನು ಕೋಣೆಯ ಮಾತು. ಏತಪಾತದ ಹಲಗೆಯನ್ನು ನೆನೆಸಿಕೊಳ್ಳಿ: ತುದಿಯಲ್ಲಿ ಕೂತ ಮಗು ಎಷ್ಟೆಲ್ಲ ಏರಿಳಿದರೂ ನಡುವಿನ ಕಂಬದ ಬಳಿ ಅಲುಗಾಟ ಇಲ್ಲವೆನ್ನುವಷ್ಟು ಕಡಿಮೆ. ಹಡಗಿನಲ್ಲೂ ನಡುಭಾಗದಲ್ಲಿ ಏರಿಳಿತ ಕಡಿಮೆ, ಕೆಳಗಿನ ಅಂತಸ್ತುಗಳಲ್ಲಿ ಓಲಾಟ ಕಡಿಮೆ. ಕಡೇ ಗಳಿಗೆಯಲ್ಲಿ ಅಗ್ಗಕ್ಕೆ ಸಿಗುವುದು ಹೆಚ್ಚಾಗಿ 'ಗ್ಯಾರಂಟಿ ಕ್ಯಾಬಿನ್'. ಕೋಣೆ ಸಿಗುತ್ತದೆ ಎಂಬುದಷ್ಟೇ ಅಲ್ಲಿ ಗ್ಯಾರಂಟಿ, ಯಾವ ಅಂತಸ್ತು, ಯಾವ ತುದಿ ಎಂಬುದು ಕಂಪನಿಯ ಇಷ್ಟ. ಮೂತಿಯ ತುದಿಯ ಕೋಣೆ ಬಂದರೆ ಅಮ್ಮನಂಥವರು ಪಾಡು ಪಡುತ್ತಾರೆ. ನಮಗೆ ಮೇಲಂತಸ್ತಿನಲ್ಲಿ ಬಾಲ್ಕನಿ ಇದ್ದ ಕೋಣೆಯೂ ಸಿಗುತ್ತಿತ್ತು. ಅದನ್ನು ಬಿಟ್ಟು ಕೆಳಗೆ, ನಡುವಿನಲ್ಲಿ, ಲಿಫ್ಟಿಗೆ ಹತ್ತಿರವಿದ್ದ ಪುಟ್ಟ ಕಿಟಕಿಯ ಕೋಣೆ ಹಿಡಿದೆ. ವಯಸ್ಸಾದವರಿಗೆ ಹಡಗಿನಲ್ಲಿ ಖರ್ಚು ಮಾಡಬೇಕಾದ್ದು ನೋಟಕ್ಕಲ್ಲ, ಜಾಗಕ್ಕೆ.

ವಯಸ್ಸಾದಂತೆ ಒಳಗಿವಿಯ ಸೂಕ್ಷ್ಮತೆ ಕುಂದುತ್ತದೆ. ಇದರಿಂದ ಒಂದು ಲಾಭ: ವಾಕರಿಕೆ ಎಳೆಯರಿಗಿಂತ ಹಿರಿಯರಿಗೆ ಸಾಮಾನ್ಯವಾಗಿ ಕಡಿಮೆ. ಒಂದು ಅಪಾಯವೂ ಇದೆ: ಸಮತೋಲ ತಪ್ಪಿ ಬೀಳುವ ಸಂಭವ ಹೆಚ್ಚು. ಅಪ್ಪನ ವಿಷಯದಲ್ಲಿ ನನಗೆ ಹೆದರಿಕೆಯಿದ್ದದ್ದು ಇದರದೇ. ಬಚ್ಚಲಿನ ಹೊಸ್ತಿಲು, ಒದ್ದೆ ಡೆಕ್ಕು, ರಾತ್ರಿ ನಿದ್ದೆಗಣ್ಣಿನಲ್ಲಿ ಎದ್ದು ನಡೆಯುವುದು, ಇವೇ ಮೂಳೆ ಮುರಿಯುವ ಜಾಗಗಳು. ಲಕ್ಷದ್ವೀಪದಲ್ಲಿ ದೊಡ್ಡ ಹಡಗು ದೂರದಲ್ಲೇ ಲಂಗರು ಹಾಕುತ್ತದೆ, ಅಲ್ಲಿಂದ ಚಿಕ್ಕ ದೋಣಿಗೆ ಇಳಿಯಬೇಕು. ಮಂಡಿ ಗಟ್ಟಿಯಿಲ್ಲದಿದ್ದರೆ ಆ ದಿನ ಹಡಗಿನಲ್ಲೇ ಕೂತು ಕಡಲು ನೋಡುವುದು ಒಳ್ಳೆಯದು.

ವಾಂತಿ ತಡೆಯುವ ಮಾತ್ರೆಗಳು ಮಂಪರು ತರುತ್ತವೆ, ಹಿರಿಯರಲ್ಲಿ ಕೆಲವರಿಗೆ ಗೊಂದಲ, ಮೂತ್ರ ಕಟ್ಟುವ ತೊಂದರೆ ಕೂಡ. ಹೊರಡುವ ಮುನ್ನ ಮನೆ ಡಾಕ್ಟರನ್ನು ಕೇಳಲೇಬೇಕು. ಬಿಪಿ, ಸಕ್ಕರೆಯ ಮಾತ್ರೆಗಳು ಕೈಚೀಲದಲ್ಲೇ ಇರಲಿ, ದೊಡ್ಡ ಪೆಟ್ಟಿಗೆ ಕೋಣೆ ತಲುಪಲು ಗಂಟೆಗಳಾಗಬಹುದು. ಕಡಲಿನಿಂದ ಆಸ್ಪತ್ರೆಗೆ ಸಾಗಿಸುವ ಖರ್ಚನ್ನೂ ಭರಿಸುವ ವಿಮೆ ಮಾಡಿಸಿ. ಹೊರಡುವ ಹೊತ್ತಿಗೆ ನಡೆಯುವ ಸುರಕ್ಷತಾ ಕವಾಯತನ್ನು ತಪ್ಪಿಸಬೇಡಿ.

ಅಮ್ಮ ವಾಂತಿ ಮಾಡಿಕೊಳ್ಳಲಿಲ್ಲ. ಊರಿಗೆ ಬಂದ ಮೇಲೆ ಒಂದು ದಿನ ಅಡುಗೆಮನೆಯ ನೆಲ ತೂಗಿದಂತಾಗುತ್ತಿತ್ತಂತೆ. ಕಡಲಿಗೆ ಒಗ್ಗಿದ ಮಿದುಳು ನೆಲಕ್ಕೆ ಮರಳಲು ಅಷ್ಟು ಸಮಯ ಬೇಡುವುದುಂಟು. ನಿಮ್ಮ ಮನೆಯ ಹಿರಿಯರೂ ಹೀಗೆ ದಿಢೀರನೆ ಹೊರಟು ನಿಂತರೆ, ದುಡ್ಡು ಕಟ್ಟುವ ಮುನ್ನ ಹಡಗಿನ ಅಂತಸ್ತುಗಳ ನಕ್ಷೆ ತರಿಸಿಕೊಂಡು, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರ ಕೋಣೆ ಎಲ್ಲಿದೆ ಎಂದು ಬೆರಳಿಟ್ಟು ನೋಡಿ.