ಹೊರಟು ಬಂದವರು, ಹೊರಡಲಾಗದವರು

ಬೆಳಿಗ್ಗೆ ಆಕಾಶವಾಣಿಯ ಪ್ರಸಾರ ಆರಂಭವಾಗುವ ಮುನ್ನ ತಂಬೂರಿಯ ಶ್ರುತಿಯ ಮೇಲೆ ತೇಲಿ ಬರುತ್ತಿದ್ದ ಪಿಟೀಲಿನ ಆ ಪುಟ್ಟ ಸಂಗೀತ ಯಾರಿಗೆ ನೆನಪಿಲ್ಲ? ಧಾರವಾಡವಾಗಲಿ, ಬೆಂಗಳೂರಾಗಲಿ, ಅದನ್ನು ಕೇಳುತ್ತಲೇ ಹಾಸಿಗೆ ಬಿಟ್ಟೆದ್ದವರು ನಾವು. ಅದನ್ನು ರಚಿಸಿದವರು ವಾಲ್ಟರ್ ಕೌಫ್‌ಮನ್ ಎಂಬ ಯೆಹೂದಿ ನಿರಾಶ್ರಿತರೆಂಬುದು ಮಾತ್ರ ನಮ್ಮಲ್ಲಿ ಬಹುಮಂದಿಗೆ ತಿಳಿಯದು.

1907ರಲ್ಲಿ ಬೊಹೀಮಿಯಾದ ಕಾರ್ಲ್ಸ್‌ಬಾಡ್‌ನಲ್ಲಿ ಹುಟ್ಟಿದ ಕೌಫ್‌ಮನ್, ಹಿಟ್ಲರ್ ಅಧಿಕಾರಕ್ಕೆ ಬಂದ ಮರುವರ್ಷ, 1934ರಲ್ಲಿ, ಮುಂಬಯಿಗೆ ಬಂದರು. ಅಲ್ಲಿಗೆ ವೀಸಾ ಸುಲಭವಾಗಿ ದೊರೆಯುತ್ತಿದ್ದುದೇ ಒಂದು ಮುಖ್ಯ ಕಾರಣ. ಮುಂಬಯಿ ರೇಡಿಯೋದಲ್ಲಿ 1937ರಿಂದ 1946ರವರೆಗೆ ಪಾಶ್ಚಾತ್ಯ ಸಂಗೀತ ವಿಭಾಗವನ್ನು ನೋಡಿಕೊಂಡರು. ಬಳಿಕ ಕೆನಡಾದ ವಿನಿಪೆಗ್‌ನಲ್ಲಿ ವಾದ್ಯವೃಂದ ನಡೆಸಿದರು. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. ದಕ್ಷಿಣ ಭಾರತದ ರಾಗಗಳನ್ನು ಕುರಿತ ಅವರ ದೊಡ್ಡ ಗ್ರಂಥ 1976ರಲ್ಲಿ ಹೊರಬಂದಿತು. 1984ರಲ್ಲಿ ತೀರಿಕೊಂಡರು.

ಇನ್ನೊಬ್ಬರ ಕಥೆ ಬೇರೆ. ಮೊರಾವಿಯಾದ ಗಿಡಿಯಾನ್ ಕ್ಲೈನ್‌ಗೆ 1940ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಮ್ಯೂಸಿಕ್‌ನಲ್ಲಿ ಓದುವ ಅವಕಾಶ ದೊರೆಯಿತು. ಆದರೆ ನಾಜಿ ಆಳ್ವಿಕೆಯಲ್ಲಿ ಯೆಹೂದಿಗೆ ದೇಶ ಬಿಟ್ಟು ಹೊರಡುವ ದಾರಿ ಮುಚ್ಚಿತ್ತು. 1941ರಲ್ಲಿ ಅವರನ್ನು ತೆರೆಜೀನ್ ಶಿಬಿರಕ್ಕೆ ಸಾಗಿಸಿದರು. ಅಲ್ಲಿಯೇ ಅವರು ತಂತಿವಾದ್ಯಗಳ ಒಂದು ಟ್ರಯೋ ಬರೆದು 1944ರ ಅಕ್ಟೋಬರ್ 7ರಂದು ಮುಗಿಸಿದರು. ಒಂಬತ್ತು ದಿನಗಳ ನಂತರ ಉಲ್ಮನ್, ಹಾಸ್, ಕ್ರಾಸಾ ಎಂಬ ಇತರ ಸಂಗೀತಕಾರರೊಡನೆ ಆಷ್‌ವಿಟ್ಜ್‌ಗೆ ಹೊರಟ ರೈಲಿನಲ್ಲಿ ಕ್ಲೈನ್ ಕೂಡ ಇದ್ದರು. 1945ರ ಜನವರಿಯಲ್ಲಿ, ಕಲ್ಲಿದ್ದಲು ಗಣಿಯೊಂದರ ಶಿಬಿರದಲ್ಲಿ, ಅವರ ಬಾಳು ಮುಗಿಯಿತು. ವಯಸ್ಸು 25. ಬದುಕುಳಿದ ಅಕ್ಕ ಎಲಿಶ್ಕಾ ತಮ್ಮನ ಹಸ್ತಪ್ರತಿಗಳನ್ನು ಜೋಪಾನ ಮಾಡಿದರು.

ಒಬ್ಬರಿಗೆ ಬಾಗಿಲು ತೆರೆಯಿತು, ಇನ್ನೊಬ್ಬರಿಗೆ ತೆರೆಯಲಿಲ್ಲ. ಇದು ಪ್ರತಿಭೆಯ ಹೆಚ್ಚು ಕಡಿಮೆಯ ಮಾತಲ್ಲ, ಒಂದು ಮೊಹರಿನ ಮಾತು. ಪರದೇಶದಲ್ಲಿ ನೆಲೆಸಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ಈ ಸಂಗೀತವನ್ನು ಮತ್ತೆ ನುಡಿಸುವವರಿದ್ದಾರೆ. ಟೊರಾಂಟೋದ ಎ.ಆರ್.ಸಿ. ಎನ್ಸೆಂಬಲ್ ದೇಶಭ್ರಷ್ಟರಾದ ಸಂಗೀತಕಾರರ ಕೃತಿಗಳನ್ನು ಹುಡುಕಿ ನುಡಿಸುತ್ತ ಬಂದಿದೆ. ಕೌಫ್‌ಮನ್ನರ ರಚನೆಗಳ ಧ್ವನಿಮುದ್ರಣವನ್ನು 2020ರಲ್ಲಿ ಹೊರತಂದಿತು. ರಸಾಯನಶಾಸ್ತ್ರದಲ್ಲಿ ಕಾಗದದ ಮೇಲಿನ ಸಮೀಕರಣ ಎಷ್ಟೇ ಸರಿಯಿದ್ದರೂ ಪಾತ್ರೆಯಲ್ಲಿ ಪದಾರ್ಥ ಬೆರೆಯದೆ ಏನೂ ಆಗದು. ಸ್ವರಲಿಪಿಯೂ ಹಾಗೆಯೇ. ಸ್ಮಾರಕದ ಮೇಲೆ ಹೆಸರು ಕೆತ್ತಿದರೆ ಕ್ಲೈನ್ ಸತ್ತವರ ಪಟ್ಟಿಯಲ್ಲೇ ಉಳಿಯುತ್ತಾರೆ, ನುಡಿಸಿದಾಗ ಸಂಗೀತಕಾರರಾಗುತ್ತಾರೆ. ಕನಿಕರದಿಂದ ಕೇಳಬೇಕಿಲ್ಲ, ಒಳ್ಳೆಯ ಸಂಗೀತವೆಂದು ಕೇಳಿದರೆ ಸಾಕು.

ನಮ್ಮ ಸಂಘದ ಮುಂದಿನ ಸಂಗೀತದ ಸಂಜೆಯಲ್ಲಿ ವೀಣೆ, ಕೊಳಲುಗಳ ಜೊತೆ ಈ ಟ್ರಯೋಗೂ ಜಾಗ ಕೊಡೋಣವೆಂದು ನಮ್ಮ ಸೂಚನೆ. ಅದಕ್ಕೆ ಕಾಲು ಗಂಟೆಯೂ ಹಿಡಿಯದು.